ತಗಡಿನ ಮೈಗೆ ತುಂತುರು ಹೊದಿಕೆ

ಹಡಗು, ದೋಣಿ, ಗಾಡಿಗಳು ಮರದಲ್ಲಿ ತಯಾರಾಗುತ್ತಿದ್ದಷ್ಟು ಕಾಲ ಶಾಖನಿರೋಧಕ, ಶಬ್ದನಿರೋಧಕ ಎಂಬ ಪ್ರತ್ಯೇಕ ಹೊದಿಕೆಯ ಅಗತ್ಯ ಬೀಳಲಿಲ್ಲ. ಎರಡಂಗುಲ ದಪ್ಪದ ಹಲಗೆ ಬಿಸಿಲನ್ನು ತಡೆಯುತ್ತಿತ್ತು, ಸದ್ದನ್ನು ಅಡಗಿಸುತ್ತಿತ್ತು, ಒಳಗಿನ ಹಸಿಯನ್ನು ಒಂದಿಷ್ಟು ಹೀರಿಕೊಳ್ಳುತ್ತಿತ್ತು. ಉಕ್ಕಿಗೆ ಈ ಮೂರು ಗುಣಗಳೂ ಇಲ್ಲ. ಅದು ಮರಕ್ಕಿಂತ ಸುಮಾರು ಮುನ್ನೂರು ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ, ತೆಳು ಹಾಳೆಯಾದರೆ ತಮಟೆಯಂತೆ ಮೊಳಗುತ್ತದೆ, ತಣ್ಣಗಾದರೆ ಬೆವರುತ್ತದೆ. 19ನೇ ಶತಮಾನದ ನಡುಭಾಗದಲ್ಲಿ ಹಡಗಿನ ಒಡಲೂ 20ನೇ ಶತಮಾನದ ಆರಂಭದಲ್ಲಿ ಮೋಟಾರು ಬಂಡಿಯ ಒಡಲೂ ಲೋಹಕ್ಕೆ ಹೊರಳಿದ ಮೇಲೆ, ಮರ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದರಿಂದಾದರೂ ಮಾಡಿಸಬೇಕಾಯಿತು. ಬಳಿಯುವ, ಎರಚುವ, ಗನ್ನಿನಿಂದ ಸಿಂಪಡಿಸುವ ಹೊದಿಕೆಗಳ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಮೂರು ತೊಂದರೆಗಳಲ್ಲಿ ನಾವಿಕರನ್ನು ಮೊದಲು ಕಾಡಿದ್ದು ಬೆವರು. ಮಲಗಿರುವ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ನೂರು ಮಂದಿ ಒತ್ತೊತ್ತಾಗಿ ಮಲಗುವ ಡೆಕ್ಕಿನಲ್ಲಿ ಒಂದು ರಾತ್ರಿಗೆ ಮೂವತ್ತು ಲೀಟರಿಗೂ ಹೆಚ್ಚು ನೀರು ಹೀಗೆ ಗಾಳಿಯಲ್ಲಿ ತುಂಬಿಕೊಳ್ಳುತ್ತದೆ. ಹೊರಗೆ ತಣ್ಣನೆಯ ಸಮುದ್ರ, ಒಳಗೆ ಬೆಚ್ಚನೆಯ ಹಸಿಗಾಳಿ, ನಡುವೆ ಬರಿಯ ಕಬ್ಬಿಣದ ತಗಡು. ನೀರು ಆ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ, ಹಿಟ್ಟಿನ ಮೂಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಇದಕ್ಕೆ ಚಳಿಯ ದೇಶವೇ ಬೇಕೆಂದಿಲ್ಲ. ಗಾಳಿಯ ಉಷ್ಣತೆ 30 ಡಿಗ್ರಿ, ತೇವಾಂಶ ಶೇ. 80 ಇದ್ದರೆ 26 ಡಿಗ್ರಿಗಿಂತ ತಂಪಾದ ಯಾವ ಮೇಲ್ಮೈಯಾದರೂ ಬೆವರುತ್ತದೆ.

19ನೇ ಶತಮಾನದ ಕೊನೆಯ ಹೊತ್ತಿಗೆ ನೌಕಾಪಡೆಗಳು ಕಂಡುಕೊಂಡ ಪರಿಹಾರ ಕಾರ್ಕ್ ಬಣ್ಣ. ಅದಕ್ಕೆ ಯಂತ್ರವೂ ಬೇಕಿರಲಿಲ್ಲ, ವಿಶೇಷ ತರಬೇತಿಯೂ ಬೇಕಿರಲಿಲ್ಲ. ಹಡಗುಕಟ್ಟೆಯ ಬಣ್ಣದಾಳುಗಳೇ ಸ್ಥಳದಲ್ಲಿ ಕಲಸಿ ಮಾಡುವ ಕೈಮದ್ದು ಅದು. ತುಕ್ಕು ಕೆರೆದ ತಗಡಿಗೆ ಮೊದಲು ಕೆಂಪು ಸೀಸದ ಬಣ್ಣ ಹೊಡೆಯುತ್ತಿದ್ದರು. ಅದು ಒಣಗಿದ ಮೇಲೆ ದಪ್ಪನೆಯ ಅಂಟುಬಣ್ಣದ ಒಂದು ಕೋಟು. ಆ ಕೋಟು ಹಸಿಯಿರುವಾಗಲೇ ಎರಡು ಮೂರು ಮಿಲಿಮೀಟರ್ ಗಾತ್ರದ ಕಾರ್ಕ್ ನುಚ್ಚನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಎರಚುತ್ತಿದ್ದರು. ಕೆಳಗೆ ಹಾಸಿದ ಬಟ್ಟೆಯ ಮೇಲೆ ಬಿದ್ದ ನುಚ್ಚನ್ನು ಗುಡಿಸಿ ಮತ್ತೆ ಎರಚುವುದು, ಮರುದಿನ ಸಡಿಲವಾಗಿ ನಿಂತ ಕಾಳುಗಳನ್ನು ಬ್ರಷ್ಷಿನಿಂದ ಉದುರಿಸುವುದು, ಕೊನೆಗೆ ಬಿಳಿ ಬಣ್ಣದ ಎರಡು ಕೋಟು ಹೊಡೆದು ಮುಚ್ಚುವುದು. ಒರಟೊರಟಾದ ಈ ಮೇಲ್ಮೈ ಸಂಪೂರ್ಣ ಶಾಖನಿರೋಧಕವೇನೂ ಆಗಿರಲಿಲ್ಲ. ಆದರೆ ಮುಟ್ಟುವ ಮೈ ತಗಡಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುತ್ತಿತ್ತು. ಕಟ್ಟಿದ ತೇವವೂ ಹನಿಯಾಗಿ ಜಾರದೆ ಕಾಳುಗಳ ಸಂದಿಯಲ್ಲಿ ಹರಡಿಕೊಂಡು, ಬಾಗಿಲು ತೆರೆದಾಗ ಆರಿಹೋಗುತ್ತಿತ್ತು. ಕೇಳಿದ್ದು ಅಷ್ಟೇ ಕೆಲಸ, ಮಾಡಿದ್ದೂ ಅಷ್ಟೇ. ಈ ಚರಿತ್ರೆಯುದ್ದಕ್ಕೂ ಬರುವ ಹೊದಿಕೆಗಳಲ್ಲಿ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಂಡದ್ದು ಬಹುಶಃ ಇದೊಂದೇ.

ಕಾರ್ಕ್ ಎಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಜಗತ್ತಿನ ಉತ್ಪಾದನೆಯಲ್ಲಿ ಸುಮಾರು ಅರ್ಧ ಪಾಲು ಪೋರ್ಚುಗಲ್ಲಿನದು. ಮರಕ್ಕೆ ಇಪ್ಪತ್ತೈದು ವರ್ಷವಾದ ಮೇಲೆ ಮೊದಲ ಸುಲಿತ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಒಳಗಿನ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟದ್ದು ಇದೇ ಕಾರ್ಕಿನ ಚೂರಿನಲ್ಲಿ. ಗಾಳಿ ಸಿಕ್ಕಿಬಿದ್ದಿರುವ ಆ ಮುಚ್ಚಿದ ಕೋಣೆಗಳೇ ಅದರ ಬಲ. ಮುಂದೆ ಬಂದ ನೊರೆ, ಗಾಜಿನ ಗುಳ್ಳೆಗಳೆಲ್ಲ ಇದೇ ಉಪಾಯದ ಮರುರೂಪಗಳು. ಕಾರ್ಕ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮಾಡಿದ ಕಾರ್ಟಿಸಿನ್ ಎಂಬ ಹಾಸು ಬ್ರಿಟಿಷ್ ಯುದ್ಧನೌಕೆಗಳ ಡೆಕ್ಕುಗಳ ಮೇಲೆ ಬಂತು. ಎರಡನೆಯ ಮಹಾಯುದ್ಧ ಕಾಲದ ಅಮೆರಿಕದ ಜಲಾಂತರ್ಗಾಮಿಗಳ ಒಳಗೋಡೆಗೂ ಕಾರ್ಕ್ ಹಾಳೆಗಳನ್ನು ಅಂಟಿಸುತ್ತಿದ್ದರು.

ರಸ್ತೆಯ ಮೇಲೆ ತೊಂದರೆಯ ಸ್ವರೂಪ ಬೇರೆಯಿತ್ತು. ಆರಂಭದ ಕಾರುಗಳು ಮರದ ಚೌಕಟ್ಟಿನ ತೆರೆದ ಬಂಡಿಗಳು; ಗಾಳಿಯ ಸದ್ದಿನಲ್ಲಿ ಉಳಿದ ಸದ್ದುಗಳು ಕರಗಿಹೋಗುತ್ತಿದ್ದವು. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಮುಚ್ಚಿದ ಒಡಲಿನವು ಹತ್ತಕ್ಕೆ ಒಂದರಷ್ಟಿದ್ದರೆ, 1927ರ ಹೊತ್ತಿಗೆ ಹತ್ತಕ್ಕೆ ಎಂಟನ್ನು ದಾಟಿದ್ದವು. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಉಕ್ಕಿನ ಡಬ್ಬಿಯೊಳಗೆ ಕೂತವರಿಗೆ ಎಂಜಿನ್ನಿನ ನಡುಕ, ಕಲ್ಲು ಸಿಡಿಯುವ ಸದ್ದು ಎಲ್ಲ ಕಿವಿಗೇ ಬಡಿಯತೊಡಗಿತು. ಉತ್ತರ ಕೈಗೆಟುಕುವಲ್ಲೇ ಇತ್ತು: ಡಾಂಬರು. ಡಾಂಬರು ನೆನೆಸಿದ ಫೆಲ್ಟ್ ಹಾಳೆ ಮೊದಲು ಬಂತು, ನಾರು ಬೆರೆಸಿ ಗನ್ನಿನಿಂದ ಹೊಡೆಯುವ ಡಾಂಬರಿನ ದ್ರವ ಆಮೇಲೆ. ಎರಡನೆಯ ಮಹಾಯುದ್ಧದ ನಂತರ ಇದು ಅಡಿಗೋಟು ಎಂಬ ಪ್ರತ್ಯೇಕ ಕಸುಬಾಗಿ ಬೆಳೆಯಿತು. ತುಕ್ಕು ತಡೆಯುವುದು ಅದರ ಮೊದಲ ಉದ್ದೇಶ, ಸದ್ದು ತಗ್ಗಿದ್ದು ಮೇಲೋಗರ. ಕರಾವಳಿ, ಮಲೆನಾಡಿನ ಸರ್ವೀಸ್ ಸ್ಟೇಷನ್ನುಗಳಲ್ಲಿ ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಆಯಿಲ್ ಹೊಡೆಸುವ ರೂಢಿಯೂ ಇದೇ ಕುಟುಂಬದ್ದು, ಸದ್ದಿನ ವಿಷಯದಲ್ಲಿ ಮಾತ್ರ ಅದರಿಂದ ಏನೂ ಆಗುವುದಿಲ್ಲ.

ಕಾವು, ಸದ್ದು, ಬೆವರು ಮೂರನ್ನೂ ಒಂದೇ ಕೋಟಿನಲ್ಲಿ ನೀಗಿಸುತ್ತೇವೆ ಎಂದು ಹೇಳಿಕೊಂಡು ಬಂದ ಮೊದಲ ದೊಡ್ಡ ಹೊದಿಕೆ ಇಂಗ್ಲೆಂಡಿನದು. ಲೀಡ್ಸ್ ನಗರದ ಆರ್ಮ್ಲಿ ಬಡಾವಣೆಯಲ್ಲಿದ್ದ ಜೆ. ಡಬ್ಲ್ಯು. ರಾಬರ್ಟ್ಸ್ ಕಂಪನಿ 1931ರ ಸುಮಾರಿಗೆ ಕಲ್ನಾರನ್ನು ಸಿಂಪಡಿಸುವ ವಿಧಾನವೊಂದನ್ನು ರೂಪಿಸಿತು. ಬಂಡೆಗೆ ಕಚ್ಚಿಕೊಳ್ಳುವ ಚಿಪ್ಪುಜೀವಿಯೊಂದರ ಹೆಸರಾದ 'ಲಿಂಪೆಟ್' ಎಂಬುದನ್ನೇ ಅದಕ್ಕೆ ಇಟ್ಟರು. ದಕ್ಷಿಣ ಆಫ್ರಿಕದಿಂದ ತರಿಸಿದ ನೀಲಿ ಕಲ್ನಾರನ್ನು ಹಿಂಜಿ, ಸಿಮೆಂಟಿನೊಡನೆ ಬೆರೆಸಿ, ಗಾಳಿಯ ಒತ್ತಡದಲ್ಲಿ ಕೊಳವೆಯ ಮೂಲಕ ಊದುತ್ತಿದ್ದರು. ಕೊಳವೆಯ ಬಾಯಲ್ಲಿ ನೀರಿನ ತುಂತುರು ಸೇರಿ, ನಾರು ಒದ್ದೆಯಾಗಿ ತಗಡಿಗೆ ಮೆತ್ತಿಕೊಳ್ಳುತ್ತಿತ್ತು. ಮೆತ್ತಿದ್ದನ್ನು ಹಲಗೆಯಿಂದ ತಟ್ಟಿ ಸಮ ಮಾಡಿದರೆ ಕೆಲಸ ಮುಗಿಯಿತು. ಮೂಲೆ, ಪಕ್ಕೆ, ರಿವೆಟ್ಟು, ಪೈಪಿನ ಹಿಂಬದಿ, ಹೀಗೆ ಹಾಳೆ ಕತ್ತರಿಸಿ ಕೂರಿಸಲಾಗದ ಜಾಗಗಳಿಗೂ ಅದು ಸಲೀಸಾಗಿ ಹೋಗುತ್ತಿತ್ತು. ಬೆಂಕಿಗೆ ಹೆದರುವ ಹಾಗಿಲ್ಲ, ಕೊಳೆಯುವ ಹಾಗಿಲ್ಲ, ಇಲಿ ಹುಳು ಮುಟ್ಟುವ ಹಾಗಿಲ್ಲ. ಹಡಗುಗಳಿಗೆ, ರೈಲು ಬೋಗಿಗಳಿಗೆ, ಕಟ್ಟಡಗಳ ಉಕ್ಕಿನ ತೊಲೆಗಳಿಗೆ ಇದು ಹಬ್ಬಿತು. ಬ್ರಿಟಿಷ್ ರೈಲ್ವೆಯ ಬೋಗಿಗಳಿಗೆ 1950ರ ದಶಕದಿಂದ 1967ರವರೆಗೂ ನೀಲಿ ಕಲ್ನಾರು ಸಿಂಪಡಿಸಲಾಯಿತು.

ಗುಣದ ದೃಷ್ಟಿಯಿಂದ ಲಿಂಪೆಟ್ ಒಳ್ಳೆಯ ಹೊದಿಕೆಯೇ. ಅದರ ದೋಷವಿದ್ದದ್ದು ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ನಾರಿನ ಎಳೆಗಳಲ್ಲಿ. 1960ರಲ್ಲಿ ಕ್ರಿಸ್ಟೋಫರ್ ವ್ಯಾಗ್ನರ್ ಮತ್ತು ಸಂಗಡಿಗರು, ದಕ್ಷಿಣ ಆಫ್ರಿಕದ ಕಲ್ನಾರು ಗಣಿಗಳ ಸೀಮೆಯಿಂದ ಮೆಸೊಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರಿನ 33 ಪ್ರಕರಣಗಳನ್ನು ವರದಿ ಮಾಡಿದರು. ಕೆಲವರು ಗಣಿಯಲ್ಲಿ ದುಡಿದವರೇ ಅಲ್ಲ, ಅದರ ಸುತ್ತಮುತ್ತ ಬದುಕಿದವರು. ಈ ರೋಗ ತಲೆಯೆತ್ತಲು ಇಪ್ಪತ್ತರಿಂದ ಐವತ್ತು ವರ್ಷ ಹಿಡಿಯುತ್ತದೆ. ಹಾಗಾಗಿ ಗನ್ನು ಹಿಡಿದವನಿಗೆ ತನ್ನ ಕೆಲಸದ ಫಲ ಕಾಣುವ ಹೊತ್ತಿಗೆ ಅವನು ಸಿಂಪಡಿಸಿದ ಬೋಗಿ ಗುಜರಿಗೆ ಹೋಗಿರುತ್ತಿತ್ತು. ಇಂಗ್ಲೆಂಡಿನ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ 1960ರ ದಶಕದಲ್ಲಿ ನಡೆದ ಪರಿಶೀಲನೆ ಇನ್ನೊಂದು ಸಂಗತಿಯನ್ನು ಹೊರಗೆಡಹಿತು: ದುರಸ್ತಿಗಾಗಿ ಹಳೆಯ ಹೊದಿಕೆಯನ್ನು ಕೆರೆದು ತೆಗೆಯುವಾಗಲೂ ಧೂಳು ವಿಪರೀತ ಏಳುತ್ತಿತ್ತು. ಅಮೆರಿಕ 1973ರಲ್ಲಿ ಶಾಖ ಮತ್ತು ಬೆಂಕಿ ತಡೆಗಾಗಿ ಕಲ್ನಾರು ಸಿಂಪಡಿಸುವುದನ್ನು ನಿಷೇಧಿಸಿತು. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರಿಗೆ ಪೂರ್ತಿ ನಿಷೇಧ ಬಂದದ್ದು 1985ರಲ್ಲಿ. ಆರ್ಮ್ಲಿಯ ಕಾರ್ಖಾನೆಯ ಅಂಗಳದ ಧೂಳಿನಲ್ಲಿ ಮಕ್ಕಳಾಗಿದ್ದಾಗ ಆಡಿದವರಿಗೂ ಕಂಪನಿ ಹೊಣೆಯೆಂದು 1995ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಈ ಹೊದಿಕೆಯ ಕೊನೆಯ ಅಂಕ ನಡೆದದ್ದು ಭಾರತದ ದಡದಲ್ಲಿ. ಗುಜರಾತಿನ ಅಲಂಗಿನಲ್ಲಿ 1983ರಿಂದ ಹಳೆಯ ಹಡಗುಗಳನ್ನು ಮರಳಿನ ಮೇಲೆ ಏರಿಸಿ ಒಡೆಯುತ್ತಾರೆ. ಮೊದಲ ದಶಕಗಳಲ್ಲಿ ಅಲ್ಲಿಗೆ ಬಂದ ಹಡಗುಗಳು ಬಹುಪಾಲು ಕಲ್ನಾರಿನ ಕಾಲದಲ್ಲಿ ಕಟ್ಟಿದವು. ಫ್ರಾನ್ಸಿನ ವಿಮಾನವಾಹಕ ನೌಕೆ ಕ್ಲೆಮೆನ್ಸೋ 2005ರ ಕೊನೆಯಲ್ಲಿ ಅಲಂಗಿಗೆ ಹೊರಟಾಗ, ಅದರೊಳಗಿನ ಕಲ್ನಾರಿನ ಪ್ರಮಾಣದ ಬಗ್ಗೆ ಎರಡೂ ದೇಶಗಳಲ್ಲಿ ಗದ್ದಲವೆದ್ದಿತು. ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಇರುವಾಗಲೇ, 2006ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ನೌಕೆಯನ್ನು ವಾಪಸು ಕರೆಸಿಕೊಂಡರು. ಕೊನೆಗೆ ಅದನ್ನು ಒಡೆದದ್ದು ಇಂಗ್ಲೆಂಡಿನಲ್ಲಿ. ಅಷ್ಟು ಸುದ್ದಿಯಾಗದ ನೂರಾರು ಹಡಗುಗಳು ಅಲಂಗಿನಲ್ಲೇ ಮುಗಿದಿವೆ.

ಕಲ್ನಾರು ಬಿಟ್ಟುಹೋದ ಜಾಗಕ್ಕೆ ನೊರೆ ಬಂತು. ಜರ್ಮನಿಯ ಲೆವರ್ಕುಸೆನ್‌ನಲ್ಲಿ ಓಟೋ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದ ಪಾಲಿಯುರೆಥೇನ್, 1950ರ ದಶಕದ ಹೊತ್ತಿಗೆ ಗನ್ನಿನಿಂದ ಸಿಂಪಡಿಸುವ ರೂಪ ಪಡೆಯಿತು. ಎರಡು ಪೀಪಾಯಿ, ಎರಡು ದ್ರವ. ಎರಡೂ ಬಿಸಿಯಾಗಿ ಬಂದು ಗನ್ನಿನ ಮೂತಿಯಲ್ಲಿ ಕೂಡುತ್ತವೆ. ಕೂಡಿದ ಕೆಲವೇ ಕ್ಷಣಗಳಲ್ಲಿ ದ್ರವ ಉಬ್ಬಿ, ಮೂವತ್ತು ಪಟ್ಟಿನವರೆಗೂ ಹಿಗ್ಗಿ, ಗಟ್ಟಿಯಾಗಿ ತಗಡಿಗೆ ಕಚ್ಚಿಕೊಳ್ಳುತ್ತದೆ. ಮುಚ್ಚಿದ ಕೋಶಗಳ ಈ ನೊರೆ ಶಾಖವನ್ನು ಕಾರ್ಕಿಗಿಂತಲೂ ಚೆನ್ನಾಗಿ ತಡೆಯುತ್ತದೆ, ಬೆವರನ್ನು ನಿಲ್ಲಿಸುತ್ತದೆ, ದೋಣಿಗೆ ತೇಲುವ ಶಕ್ತಿಯನ್ನೂ ಕೊಡುತ್ತದೆ. ಕೊರತೆಗಳೂ ಇವೆ. ಗಡುಸು ನೊರೆ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ದ್ರವಗಳಲ್ಲೊಂದಾದ ಐಸೊಸಯನೇಟ್ ಉಸಿರಿಗೆ ಸೇರಿದರೆ ಗೂರಲು ಹಿಡಿಯುವ ಅಪಾಯವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಉರಿಯುತ್ತದೆ, ಉರಿದಾಗ ವಿಷದ ಹೊಗೆ ಬಿಡುತ್ತದೆ. ಉಕ್ಕಿನ ದೋಣಿಯ ಹೊರಗೆ ವೆಲ್ಡಿಂಗ್ ಮಾಡುವಾಗ ಒಳಗಿನ ನೊರೆಗೆ ಕಿಡಿ ತಗಲುವುದು ದೋಣಿ ದುರಸ್ತಿಯ ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ಭಯ.

ಸಿಂಪಡಿಸಿದ ನೊರೆಯ ಗುಣ ಗನ್ನು ಹಿಡಿದ ಕೈಯನ್ನು ಅವಲಂಬಿಸಿದೆ ಎಂಬುದಕ್ಕೆ ಅತ್ಯಂತ ಕಠೋರ ಸಾಕ್ಷಿ ಸಿಕ್ಕಿದ್ದು ಬಾಹ್ಯಾಕಾಶ ವಾಹನದಲ್ಲಿ. 2003ರ ಜನವರಿ 16ರಂದು ನಾಸಾದ ಕೊಲಂಬಿಯಾ ನೌಕೆ ಮೇಲೇರುವಾಗ ಹೊರಗಿನ ಇಂಧನ ತೊಟ್ಟಿಯಿಂದ ನೊರೆಯ ತುಂಡೊಂದು ಕಿತ್ತು ರೆಕ್ಕೆಗೆ ಬಡಿಯಿತು. ಅದರ ತೂಕ ಮುಕ್ಕಾಲು ಕಿಲೋದಷ್ಟು. ಆ ಜಾಗದ ನೊರೆ ಯಂತ್ರದಿಂದ ಹೊಡೆದದ್ದಲ್ಲ. ಕೈಯಿಂದ ಸಿಂಪಡಿಸಿ, ಕೈಯಿಂದಲೇ ಕೆತ್ತಿ ಆಕಾರ ಕೊಟ್ಟದ್ದು. ಹಾಗೆ ಸಿಂಪಡಿಸುವಾಗ ಒಳಗೆ ಪೊಳ್ಳುಗಳು ಉಳಿಯುತ್ತಿದ್ದವೆಂದು ತನಿಖಾ ಮಂಡಳಿ ಗುರುತಿಸಿತು. ಫೆಬ್ರವರಿ 1ರಂದು ಮರಳುವ ದಾರಿಯಲ್ಲಿ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಇದೇ ನಾಸಾ 1990ರ ದಶಕದಲ್ಲಿ ರಾಕೆಟ್ ಬೂಸ್ಟರುಗಳಿಗೆ ಹೊಡೆಯುತ್ತಿದ್ದ ಇನ್ನೊಂದು ಹೊದಿಕೆಯಲ್ಲಿ ಇದ್ದದ್ದು ಕಾರ್ಕ್ ನುಚ್ಚು, ಗಾಜಿನ ಟೊಳ್ಳು ಗುಳ್ಳೆಗಳು ಮತ್ತು ಎಪಾಕ್ಸಿ ಅಂಟು. ನೂರು ವರ್ಷದ ಹಿಂದಿನ ಬಣ್ಣದಾಳು ಅದನ್ನು ಕಂಡಿದ್ದರೆ ಅರ್ಧ ಗುರುತು ಹಿಡಿಯುತ್ತಿದ್ದ.

ಕರ್ನಾಟಕದ ಕರಾವಳಿಯಲ್ಲಿ ಪಾಲಿಯುರೆಥೇನ್ ನೊರೆಗೆ 'ಪಫ್' ಎಂದೇ ಹೆಸರು. ಮಂಗಳೂರಿನ ದಕ್ಕೆಯಿಂದಲೂ ಮಲ್ಪೆಯಿಂದಲೂ ಹೊರಡುವ ಟ್ರಾಲ್ ಬೋಟುಗಳು ಹಲವು ದಿನ ಕಡಲಲ್ಲೇ ಉಳಿಯುತ್ತವೆ. ಐಸು ಕರಗಿದರೆ ಹಿಡಿದ ಮೀನಿಗೆ ಬೆಲೆಯಿಲ್ಲ. ಐಸು, ಮೀನು ತುಂಬುವ ಕೋಣೆಯ ಗೋಡೆಗೆ ಮೊದಲು ಥರ್ಮಾಕೋಲ್ ಹಲಗೆ ಇಟ್ಟು ಮೇಲೆ ಫೈಬರ್ ಬಳಿಯುತ್ತಿದ್ದರು, ಆಮೇಲೆ ಪಫ್ ಬಂತು. ಮರದ ದೋಣಿಗಳ ಕಾಲದಲ್ಲಿ ಇಲ್ಲಿ ಬಳಿಯುತ್ತಿದ್ದದ್ದು ಬೂತಾಯಿ ಮೀನಿನ ಎಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ಅವು ಹುಳು, ಕೊಳೆತಗಳಿಂದ ಹಲಗೆಯನ್ನು ಕಾಯುವುದಕ್ಕೆ, ಕಾವು ತಡೆಯುವುದಕ್ಕಲ್ಲ. ಆದರೂ ಗೇರೆಣ್ಣೆಗೆ ಈ ಕಥೆಯಲ್ಲಿ ಎರಡನೆಯ ಪಾತ್ರವೊಂದು ದಕ್ಕಿದೆ. ಅದರಿಂದ ತೆಗೆದ ಕಾರ್ಡನಾಲ್ ಇಂದು ಹಡಗಿನ ಎಪಾಕ್ಸಿ ಬಣ್ಣವನ್ನು ಗಟ್ಟಿಯಾಗಿಸುವ ರಾಸಾಯನಿಕಕ್ಕೂ ಪಾಲಿಯುರೆಥೇನ್ ನೊರೆಯ ಎರಡು ದ್ರವಗಳಲ್ಲೊಂದಕ್ಕೂ ಕಚ್ಚಾವಸ್ತು. ಇಂಥವನ್ನು ತಯಾರಿಸುವ ಕಾರ್ಖಾನೆ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲೇ ಇದೆ.

ಕಂಪನಿಗಳ ಹೊದಿಕೆ ದುಬಾರಿಯಾದಂತೆ ಕೈಮದ್ದು ಮತ್ತೆ ತಲೆಯೆತ್ತಿತು. ಹಳೆಯ ಶಾಲಾ ಬಸ್ಸು, ಸರಕು ವ್ಯಾನುಗಳನ್ನು ಮನೆಯಾಗಿಸಿಕೊಳ್ಳುವವರು, ಹಿತ್ತಲಲ್ಲಿ ಉಕ್ಕಿನ ದೋಣಿ ಕಟ್ಟಿಕೊಳ್ಳುವವರು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹೆಚ್ಚಾದ ಮೇಲೆ ಮನೆಯಲ್ಲೇ ಕಲಸಿ ಸಿಂಪಡಿಸುವ ಪಾಕಗಳು ಚಾಲ್ತಿಗೆ ಬಂದವು. ಹೊರಗೋಡೆಗೆ ಹೊಡೆಯುವ ಅಕ್ರಿಲಿಕ್ ಬಣ್ಣ, ಅದಕ್ಕೆ ಕಾರ್ಕ್ ನುಚ್ಚು ಅಥವಾ ಟೊಳ್ಳು ಗುಳ್ಳೆಗಳ ಪುಡಿ, ತೆಳುವಾಗಲು ಒಂದಿಷ್ಟು ನೀರು. ಸಾಮಾನ್ಯ ಬಣ್ಣದ ಗನ್ನಿನ ಸಣ್ಣ ತೂತು ಇಂಥ ಗಂಜಿಗೆ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ಗೋಡೆಗೆ ಒರಟು ಗಾರೆ ಹೊಡೆಯುವ, ಮೇಲೆ ಬುಟ್ಟಿಯಿರುವ ದೊಡ್ಡ ಬಾಯಿಯ ಗನ್ನನ್ನೇ ಬಳಸುತ್ತಾರೆ. ಅದರ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಗುಳ್ಳೆಗಳೂ ಉಳಿಯುತ್ತವೆ. ಹೆಚ್ಚು ಒತ್ತಡದ ಪಂಪಿನಲ್ಲಿ ಅವು ಒಡೆದು ಬರಿಯ ಗಾಜಿನ ಪುಡಿಯಾಗುತ್ತವೆ.

ಗುಳ್ಳೆಗಳಲ್ಲಿ ಎರಡು ಬಗೆ. ಒಂದು ಕಾರ್ಖಾನೆಯಲ್ಲಿ ಊದಿ ಮಾಡಿದ ಗಾಜಿನದು. ಇನ್ನೊಂದು ಕಲ್ಲಿದ್ದಲು ಸುಟ್ಟ ಹಾರುಬೂದಿಯಲ್ಲಿ ತಾನಾಗಿ ಹುಟ್ಟುವ ಸೀನೋಸ್ಫಿಯರ್. ಬೂದಿಯನ್ನು ಹೊಂಡಕ್ಕೆ ಬಿಟ್ಟಾಗ ನೂರಕ್ಕೆ ಒಂದೆರಡು ಪಾಲಿನಷ್ಟು ಮುಳುಗದೆ ಮೇಲೆ ತೇಲುತ್ತದೆ. ಅದನ್ನು ಕೆನೆ ತೆಗೆದಂತೆ ಬಳಿದು, ಒಣಗಿಸಿ ಮಾರುತ್ತಾರೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಲ್ಲಿದ್ದಲಿನ ಸ್ಥಾವರಗಳಿಂದ ತುಂಬಿರುವ ಭಾರತದಲ್ಲಿ ಅದಕ್ಕೆ ದೊಡ್ಡ ವ್ಯಾಪಾರವಿದೆ.

ಪ್ರಚಾರ ದಾರಿ ತಪ್ಪಿದ್ದು ಈ ಗುಳ್ಳೆಗಳ ಕೈಯಲ್ಲೇ. ಒಂದು ಮಿಲಿಮೀಟರ್ ಕೋಟು ಹಲವು ಅಂಗುಲ ಗಾಜುಹತ್ತಿಗೆ ಸಮ ಎಂಬ ಮಾತು ಎಷ್ಟೋ ಡಬ್ಬಿಗಳ ಮೇಲೆ ಅಚ್ಚಾಗಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ಶಾಖತಡೆ ಎಂದರೆ ದಪ್ಪವನ್ನು ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿ ಬರುವ ಸಂಖ್ಯೆ. ಗುಳ್ಳೆ ಬೆರೆಸಿದ ಬಣ್ಣದ ವಾಹಕತೆ ಒಂದು ಮೀಟರಿಗೆ ಡಿಗ್ರಿಯೊಂದಕ್ಕೆ 0.1 ವಾಟ್ ಎಂದು ಉದಾರವಾಗಿ ಹಿಡಿದರೂ ಒಂದು ಮಿಲಿಮೀಟರಿಗೆ ಸಿಗುವ ತಡೆ 0.01. ಪಫ್‌ನ ವಾಹಕತೆ 0.025, ಒಂದಂಗುಲ ನೊರೆಯ ತಡೆ 1. ಅಂದರೆ ಆ ಒಂದಂಗುಲಕ್ಕೆ ಸರಿಗಟ್ಟಲು ಬಣ್ಣವನ್ನು ಹತ್ತು ಸೆಂಟಿಮೀಟರ್ ದಪ್ಪಕ್ಕೆ ಹೊಡೆಯಬೇಕು. ಮಾರುವವರು ಹೇಳುವ ಶಾಖತಡೆಯ ಅಂಕಿಗೆ ಪರೀಕ್ಷೆಯ ಆಧಾರ ಇರಲೇಬೇಕೆಂದು ಅಮೆರಿಕ 1979ರಲ್ಲಿ ನಿಯಮ ಮಾಡಿತು. ಮಾಮೂಲಿ ಶಾಖನಿರೋಧಕದ ಬದಲಿಗೆ ಇಂಥ ಬಣ್ಣ ಬಳಸುವುದನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಚಾವಣಿಯ ಹೊರಮೈಗೆ ಹೊಡೆದ ಬಿಳಿ ಕೋಟಿನಿಂದ ಗಾಡಿ ತಂಪಾಗುವುದು ನಿಜ. ಅದು ಬಿಳಿ ಬಣ್ಣ ಬಿಸಿಲನ್ನು ಮರಳಿಸುವ ಗುಣ, ಗುಳ್ಳೆಯ ಪಾಲು ಅದರಲ್ಲಿ ಅತ್ಯಲ್ಪ.

ಸದ್ದಿನ ವಿಷಯದಲ್ಲಿ ಕೋಟಿಗೆ ಹೆಚ್ಚು ನ್ಯಾಯ ಸಲ್ಲುತ್ತದೆ. ಜರ್ಮನಿಯ ಹರ್ಮನ್ ಓಬರ್ಸ್ಟ್ 1952ರಲ್ಲಿ ಪ್ರಕಟಿಸಿದ ಪ್ರಬಂಧ, ತಗಡಿಗೆ ಗಟ್ಟಿಯಾಗಿ ಕಚ್ಚಿದ ಪದರ ಅದರ ನಡುಕವನ್ನು ಹೇಗೆ ಶಾಖವಾಗಿ ಕರಗಿಸುತ್ತದೆ ಎಂಬುದನ್ನು ಗಣಿತದಲ್ಲಿ ವಿವರಿಸಿತು. ಅದರ ತಿರುಳು ಇಷ್ಟು: ಫಲ ನಿಂತಿರುವುದು ಪದರದ ದಪ್ಪಕ್ಕೂ ತಗಡಿನ ದಪ್ಪಕ್ಕೂ ಇರುವ ಅನುಪಾತದ ಮೇಲೆ, ಅದೂ ಹೆಚ್ಚುಕಡಿಮೆ ಅದರ ವರ್ಗದ ಪ್ರಕಾರ. ಮುಕ್ಕಾಲು ಮಿಲಿಮೀಟರ್ ತಗಡಿನ ವ್ಯಾನಿಗೆ ಎರಡು ಮಿಲಿಮೀಟರ್ ಕೋಟು ಹೊಡೆದರೆ ಬಾಗಿಲು ಮುಚ್ಚುವ ಸದ್ದೇ ಬದಲಾಗುತ್ತದೆ. ಅದೇ ಕೋಟನ್ನು ಐದು ಮಿಲಿಮೀಟರ್ ತಗಡಿನ ದೋಣಿಗೆ ಹೊಡೆದರೆ ಎಂಜಿನ್ನಿನ ಗುಡುಗು ಹಾಗೇ ಕೇಳುತ್ತದೆ. ನಡುಕವನ್ನು ಅಡಗಿಸುವುದು ಒಂದು, ಸದ್ದು ದಾಟದಂತೆ ತಡೆಯುವುದು ಇನ್ನೊಂದು. ಎರಡನೆಯದಕ್ಕೆ ತೂಕವೇ ಬೇಕು. ತಡೆಗೋಡೆಯ ತೂಕ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಹಗುರ ಗುಳ್ಳೆ ತುಂಬಿದ ಕೋಟು ಇಲ್ಲಿ ತನಗೆ ತಾನೇ ಅಡ್ಡಿ. ಕಾರು ಕಾರ್ಖಾನೆಗಳು ಇಂದು ರೋಬೋಟುಗಳಿಂದ ಸಿಂಪಡಿಸುವ ನೀರುಬೆರಕೆಯ ಅಕ್ರಿಲಿಕ್ ದ್ರವವೂ ನಡುಕ ಅಡಗಿಸುವ ಕೆಲಸಕ್ಕಷ್ಟೇ ಮೀಸಲು. ಕಾವಿಗೆ, ಸದ್ದಿನ ತಡೆಗೆ ಅವೂ ಬೇರೆ ಪದರ ಹಾಕುತ್ತವೆ.

ಭಾರತದಲ್ಲಿ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಎಸಿ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಲಕ್ಷಾಂತರ ಲಾರಿಗಳ ಚಾಲಕರಿಗೆ ಕಾವಿನ ಪರಿಹಾರ ಗ್ಯಾರೇಜಿನಲ್ಲೇ ಸಿಗಬೇಕು. ಚಾವಣಿಗೆ ಹೊರಗಿನಿಂದ ಬಿಳಿ ಬಣ್ಣ, ಒಳಗಿನಿಂದ ಒಂದಂಗುಲವಾದರೂ ಬೆಂಕಿ ಹಿಡಿಯದ ಗಾಜುಹತ್ತಿ ಅಥವಾ ಬೆಂಕಿ ತಾಳುವ ನೊರೆಹಲಗೆ, ಎಂಜಿನ್ನಿನ ಕಡೆಯ ತಗಡಿಗೆ ನಡುಕ ಅಡಗಿಸುವ ದಪ್ಪ ಕೋಟು: ಮೂರು ತೊಂದರೆಗೆ ಮೂರು ಬೇರೆ ಮದ್ದುಗಳು. ಹೊಸದನ್ನು ಹೊಡೆಯುವ ಮೊದಲು ಹಳೆಯದನ್ನು ಕೆರೆಯುವಾಗ ಮಾತ್ರ ಎಚ್ಚರ ಬೇಕು. ಹಳೆಯ ಹಡಗು, ದೋಣಿ, ಬೋಗಿಗಳ ಒಳಮೈಯಲ್ಲಿ ಯಾವುದೇ ಬಣ್ಣದ ನಾರುನಾರಾದ ಪದರ ಕಂಡರೆ ಅದನ್ನು ಕೆರೆಯದೆ, ಗುಡಿಸದೆ, ಗಾಳಿ ಊದದೆ ಹಾಗೇ ಬಿಟ್ಟು, ಬಲ್ಲವರಿಂದ ಮಾದರಿ ತೆಗೆಸಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.